ಬೆಂಗಳೂರಿಗೆ ಎರಡು ಲಾರಿ ಬಿಸಿಲು: ತಾರೆಯರ ನೆರವಿನ ಹಾಡು, ರೇಡಿಯೊ ಅಣಕ ಮತ್ತು ಕಲಬುರಗಿ

ಒಂದೇ ಹಾಡನ್ನು ಇಪ್ಪತ್ತು ಮೂವತ್ತು ಮಂದಿ ತಾರೆಯರು ಸಾಲಿಗೊಬ್ಬರಂತೆ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ, ಒಂದು ಕೈಯಿಂದ ಕಿವಿಯ ಹೆಡ್‌ಫೋನ್ ಒತ್ತಿ ಹಿಡಿದು, ಹುಬ್ಬು ಗಂಟಿಕ್ಕಿ ಹಾಡುತ್ತಾರೆ. ಕೊನೆಗೆ ಎಲ್ಲರೂ ಹೆಗಲಿಗೆ ಹೆಗಲು ಹಚ್ಚಿ ತೂಗಾಡುತ್ತಾರೆ. ಎಲ್ಲೋ ಬರ ಬಿದ್ದಿದೆ, ಎಲ್ಲೋ ನೆರೆ ಬಂದಿದೆ, ಹಾಡಿನಿಂದ ಬಂದ ಹಣ ಅಲ್ಲಿಗೆ ಹೋಗುತ್ತದೆ ಎಂಬುದು ಕರಾರು. ಈ ಬಗೆಯ ಹಾಡಿಗೆ ಈಗ 40 ವರ್ಷ ದಾಟಿದೆ. ಅದನ್ನು ಗೇಲಿ ಮಾಡುವ ಅಣಕಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ವಯಸ್ಸಾಗಿದೆ.

ಕನ್ನಡದಲ್ಲಿ ತಾರೆಯರಿಗೇನೂ ಬರವಿಲ್ಲ. ಬರ, ನೆರೆಗಳಿಗಂತೂ ಬರವೇ ಇಲ್ಲ. ಅಣಕಕ್ಕೆ ಕೈಲಾಸಂ ಕಾಲದ ಪರಂಪರೆಯಿದೆ. ರೇಡಿಯೊ ಬೇಕೆಂದರೆ ಕಲಬುರಗಿಯಂಥ ಒಂದೇ ಊರಿನಲ್ಲಿ ಮೂರು ಬಗೆಯವು ಸಿಗುತ್ತವೆ: 1966ರಿಂದ ಇರುವ ಆಕಾಶವಾಣಿ ಕೇಂದ್ರ, ಖಾಸಗಿ ರೆಡ್ ಎಫ್‌ಎಂ, ಶರಣಬಸವೇಶ್ವರ ವಿದ್ಯಾಸಂಸ್ಥೆಯ ಸಮುದಾಯ ರೇಡಿಯೊ ‘ಅಂತರ್ವಾಣಿ’. ಇಷ್ಟೆಲ್ಲ ಸಾಮಗ್ರಿ ಇದ್ದೂ ನೆರವಿನ ಹಾಡಿನ ರೇಡಿಯೊ ಅಣಕ ಕನ್ನಡದಲ್ಲಿ ಒಂದು ಪ್ರಕಾರವಾಗಿ ಬೇರು ಬಿಡಲಿಲ್ಲ. ನಮ್ಮವರಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂಬ ಸುಲಭದ ಉತ್ತರವನ್ನು ಗಂಗಾವತಿ ಪ್ರಾಣೇಶರ ಒಂದು ಕಾರ್ಯಕ್ರಮ ಕೇಳಿದವರೂ ಒಪ್ಪಲಾರರು. ಕಾರಣ ಬೇರೆ ಕಡೆ ಹುಡುಕಬೇಕು.

ಮೊದಲು ಅಣಕ ಯಾಕೆ ಹಿರಿಯದು ಎಂಬುದನ್ನು ನೋಡೋಣ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಹ್ಯಾರಿಸನ್ ಮತ್ತು ಪಂಡಿತ್ ರವಿಶಂಕರ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ನಡೆಸಿದರು. ಹ್ಯಾರಿಸನ್ ಅದೇ ಉದ್ದೇಶಕ್ಕೆ ಒಂದು ಹಾಡಿನ ರೆಕಾರ್ಡನ್ನೂ ತಂದರು. ದುಡ್ಡು ಬಂತು, ಆದರೆ ತೆರಿಗೆಯ ತಕರಾರಿನಲ್ಲಿ ಅದರ ದೊಡ್ಡ ಪಾಲು ವರ್ಷಗಟ್ಟಲೆ ಅಮೆರಿಕದಲ್ಲೇ ಸಿಕ್ಕಿಬಿತ್ತು. ಮರುವರ್ಷ, 1972ರಲ್ಲಿ, ನ್ಯಾಷನಲ್ ಲ್ಯಾಂಪೂನ್ ಎಂಬ ಹಾಸ್ಯಪತ್ರಿಕೆಯ ತಂಡ ‘ರೇಡಿಯೊ ಡಿನ್ನರ್’ ಎಂಬ ಧ್ವನಿಮುದ್ರಿಕೆ ಹೊರತಂದಿತು. ಅದರಲ್ಲೊಂದು ಪ್ರಹಸನವಿದೆ. ಬಾಂಗ್ಲಾದೇಶದ ಇಬ್ಬರು ಹಾಸ್ಯಗಾರರು ಹಸಿದ ನಿರಾಶ್ರಿತರ ಎದುರು ನಿಂತು ನಗೆಹನಿ ಹೇಳಿ ಒಂದು ಬಟ್ಟಲು ಅಕ್ಕಿ ಕೂಡಿಸಲು ಒದ್ದಾಡುತ್ತಾರೆ. ಯಾಕೆಂದರೆ ಜಾರ್ಜ್ ಹ್ಯಾರಿಸನ್ ಉಪವಾಸ ಮುಷ್ಕರ ಕೂರಬೇಕಂತೆ, ಅದರ ಖರ್ಚಿಗೆ! ಅದೇ ತಂಡ 1973ರಲ್ಲಿ ವಾರದ ರೇಡಿಯೊ ಕಾರ್ಯಕ್ರಮವನ್ನೂ ಶುರುಮಾಡಿತು. ಕೊಡುವವನನ್ನು ಬೇಡುವವನ ಜಾಗದಲ್ಲಿ, ಬೇಡುವವನನ್ನು ಕೊಡುವವನ ಜಾಗದಲ್ಲಿ ಕೂರಿಸುವ ಈ ತಿರುವು ಮುಂದೆ ಬಂದ ಒಳ್ಳೆಯ ಅಣಕಗಳಲ್ಲೆಲ್ಲ ಮತ್ತೆ ಮತ್ತೆ ಕಾಣುತ್ತದೆ.

ನಾವು ಇಂದು ಗುರುತಿಸುವ ರೂಪದ ನೆರವಿನ ಹಾಡು ಬಂದದ್ದು 1984ರಲ್ಲಿ. ಇಥಿಯೋಪಿಯದ ಕ್ಷಾಮದ ವರದಿಯನ್ನು ಬಿಬಿಸಿಯಲ್ಲಿ ನೋಡಿದ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆಗೂಡಿ ಹಾಡು ಕಟ್ಟಿದರು. ನವೆಂಬರ್ 25ರಂದು ಲಂಡನ್ನಿನ ಸ್ಟುಡಿಯೊದಲ್ಲಿ ‘ಬ್ಯಾಂಡ್ ಏಡ್’ ಹೆಸರಿನ ಕೂಟ ಅದನ್ನು ಹಾಡಿತು. ಬ್ರಿಟನ್ ಒಂದರಲ್ಲೇ 30 ಲಕ್ಷಕ್ಕಿಂತ ಹೆಚ್ಚು ಪ್ರತಿಗಳು ಮಾರಾಟವಾದವು. ಥ್ಯಾಚರ್ ಸರ್ಕಾರ ಮೊದಲು ಇದರ ಮೇಲಿನ ಮಾರಾಟ ತೆರಿಗೆ ಬಿಡಲು ಒಪ್ಪಲಿಲ್ಲ. ಜನ ಕಿರುಚಾಡಿದ ಮೇಲೆ ಅಷ್ಟೇ ಮೊತ್ತವನ್ನು ದಾನವಾಗಿ ಹಿಂತಿರುಗಿಸಿತು. ಎರಡೇ ತಿಂಗಳಲ್ಲಿ, 1985ರ ಜನವರಿ 28ರ ರಾತ್ರಿ, ಹಾಲಿವುಡ್‌ನಲ್ಲಿ ಮೈಕೆಲ್ ಜಾಕ್ಸನ್ ಮತ್ತು ಲಯೊನೆಲ್ ರಿಚಿ ಬರೆದ ಅಮೆರಿಕದ ಹಾಡು ಮುದ್ರಣವಾಯಿತು. ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬನ್ನಿ ಎಂದು ಕ್ವಿನ್ಸಿ ಜೋನ್ಸ್ ಸ್ಟುಡಿಯೊದಲ್ಲಿ ಚೀಟಿ ಅಂಟಿಸಿದ್ದರಂತೆ. ಗುಡಿ, ದರ್ಗಾ ಎರಡರ ಬಾಗಿಲಲ್ಲೂ ಚಪ್ಪಲಿ ಬಿಟ್ಟು ಅಭ್ಯಾಸವಿರುವ ನಮ್ಮ ಜನಕ್ಕೆ ಈ ಚೀಟಿ ಚೆನ್ನಾಗಿ ಅರ್ಥವಾಗುತ್ತದೆ. ಹೊರಗೆ ಬರುವಾಗ ಪ್ರತಿಯೊಬ್ಬರೂ ತಮ್ಮದನ್ನು ಹುಡುಕಿ ಮೆಟ್ಟಿಕೊಂಡೇ ಹೋಗುತ್ತಾರೆ ಎಂಬುದೂ ಗೊತ್ತಿದೆ.

ಬ್ರಿಟಿಷ್ ಹಾಡಿನ ಶೀರ್ಷಿಕೆಯೇ ಆಫ್ರಿಕದವರಿಗೆ ಕ್ರಿಸ್‌ಮಸ್ ಬಂದಿರುವುದು ಗೊತ್ತೇ ಎಂದು ಕೇಳುತ್ತದೆ. ಇಥಿಯೋಪಿಯ ನಾಲ್ಕನೇ ಶತಮಾನದಿಂದ ಕ್ರೈಸ್ತ ದೇಶ. ಹೀಗೆ ನೆರವಿನ ಹಾಡು ಅಣಕಕಾರನ ಕೆಲಸವನ್ನು ಅರ್ಧ ತಾನೇ ಮಾಡಿಕೊಟ್ಟುಬಿಡುತ್ತದೆ.

ಭಾರತದಲ್ಲಿ ಈ ಕಥೆ ಇನ್ನೂ ಹಿಂದಿನದು. 1963ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ನೆಹರೂ ಎದುರು ಲತಾ ಮಂಗೇಶ್ಕರ್ ಹಾಡಿದ ‘ಏ ಮೇರೆ ವತನ್ ಕೆ ಲೋಗೋ’ ಎಲ್ಲರಿಗೂ ನೆನಪಿದೆ, ನೆಹರೂ ಕಣ್ಣೀರಿನ ಕಥೆಯೂ ನೆನಪಿದೆ. ಆ ಹಾಡಿನ ಗೌರವಧನವನ್ನು ಕವಿ ಪ್ರದೀಪ್ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ನಿಧಿಗೆ ಬರೆದುಕೊಟ್ಟಿದ್ದರು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. 2005ರಲ್ಲಿ ಬಾಂಬೆ ಹೈಕೋರ್ಟು ರೆಕಾರ್ಡ್ ಕಂಪನಿಗೆ ಬಾಕಿಯ ಬಾಬತ್ತು 10 ಲಕ್ಷ ರೂಪಾಯಿ ಕಟ್ಟಲು ಹೇಳಬೇಕಾಯಿತು. ನಡುವೆ 42 ವರ್ಷ. ಆ ಅವಧಿಯಲ್ಲಿ ಪ್ರತಿ ಆಗಸ್ಟ್ 15ಕ್ಕೆ, ಪ್ರತಿ ಜನವರಿ 26ಕ್ಕೆ ಶಾಲೆಯ ಮೈಕುಗಳಲ್ಲಿ ಹಾಡು ತಪ್ಪದೆ ಮೊಳಗಿತು. ಅಣಕಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ, ಆದರೆ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ನನಗೂ ಇಲ್ಲ.

1988ರ ಆಗಸ್ಟ್ 15ರಂದು ದೂರದರ್ಶನ ತೋರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ದುಡ್ಡೆತ್ತಲು ಮಾಡಿದ್ದಲ್ಲ. ಆದರೂ ಮುಖದ ಮೇಲೆ ಮುಖ, ಭಾಷೆಯ ಮೇಲೆ ಭಾಷೆ ಪೋಣಿಸುವ ವಿದ್ಯೆಯನ್ನು ನಮ್ಮ ಜಾಹೀರಾತಿನವರು ಅದರಿಂದಲೇ ಕಲಿತರು. ಅಲ್ಲಿಂದ ಮುಂದಿನ ಎಲ್ಲ ಸಾಮೂಹಿಕ ತಾರಾಗೀತೆಗಳೂ ಅದರ ಮೊಮ್ಮಕ್ಕಳು.

ಕನ್ನಡದಲ್ಲಿ ನೆರವು ಕೂಡಿಸುವ ಕಲೆಗೆ ರೆಕಾರ್ಡಿಗಿಂತ ಹಳೆಯ ದಾರಿಗಳಿವೆ. ನಾಟಕ ಕಂಪನಿಗಳ ಸಹಾಯಾರ್ಥ ಪ್ರದರ್ಶನ, ಸಿನಿಮಾದವರ ರಸಮಂಜರಿ, ನೆರೆ ಬಂದಾಗ ಬೀದಿಯಲ್ಲಿ ಡಬ್ಬಿ ಹಿಡಿದು ನಡೆಯುವುದು, ಮಠಗಳ ಜೋಳಿಗೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳೇ ನೀರಲ್ಲಿ ನಿಂತಾಗ ಈ ದಾರಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಆಗ ಬಂದ ಸಾಮಾನಿನಲ್ಲಿ ಅಕ್ಕಿ, ಚಾದರ, ಔಷಧ ಎಲ್ಲವೂ ಇತ್ತು. ಗುಂಡಿ ಕಿತ್ತ ಅಂಗಿ, ಒಂಟಿ ಚಪ್ಪಲಿ, ಮದುವೆ ಮನೆಯ ಕೋಟುಗಳ ಗುಡ್ಡೆಯೂ ಇತ್ತು. ಭೀಮೆಯ ದಂಡೆಯ ಹಳ್ಳಿಯಲ್ಲಿ ಕೋಟು ಯಾರು ತೊಡಬೇಕು?

ಕಲಬುರಗಿ ಸೀಮೆಯಲ್ಲಿ ಕೊಡುವುದಕ್ಕೊಂದು ಸಾರ್ವಜನಿಕ ರೂಪವಿದೆ, ಅದೇ ಆಯೇರಿ. ಮದುವೆಯಲ್ಲಿ ಬಟ್ಟೆ, ರೊಕ್ಕ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಹಳ್ಳಿಯ ನಾಟಕ, ದೊಡ್ಡಾಟಗಳಲ್ಲಂತೂ ರಾಜ ಶಪಥ ಮಾಡುವ ಹೊತ್ತಿಗೆ ಆಟ ನಿಲ್ಲುತ್ತದೆ, ಒಬ್ಬ ಬಂದು ಇಂಥ ಗೌಡರ ಮಗ ಇಂಥವರು ಪಾತ್ರಧಾರಿಗೆ ಐವತ್ತೊಂದು ರೂಪಾಯಿ ಆಯೇರಿ ಮಾಡಿದ್ದಾರೆ ಎಂದು ಸಾರುತ್ತಾನೆ, ಆಮೇಲೆ ಶಪಥ ಮುಂದುವರಿಯುತ್ತದೆ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಕೊಟ್ಟವನ ಹೆಸರು ಮೊಳಗುವುದನ್ನು ನಮ್ಮ ಜನ ತಪ್ಪೆಂದು ತಿಳಿದಿಲ್ಲ. ಹೆಸರಿಗಾಗಿಯೇ ಕೊಡುತ್ತಾರೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಎರಡನೆಯದು, ಅಣಕ ಅಲ್ಲೇ ಪಕ್ಕದಲ್ಲಿ ಕೂತಿರುತ್ತದೆ. ಹತ್ತು ರೂಪಾಯಿ ಕೊಟ್ಟವನ ಹೆಸರನ್ನು ಸಾರಥಿ ಅಪ್ಪ, ಅಜ್ಜ, ಮುತ್ತ್ಯಾರ ಸಮೇತ ಎಳೆದೆಳೆದು ಕೂಗಿದನೆಂದರೆ ಇಡೀ ಮಂದಿ ನಗುತ್ತದೆ, ಕೊಟ್ಟವನೂ ನಗುತ್ತಾನೆ. ದಾನ, ಹೆಮ್ಮೆ, ಗೇಲಿ ಮೂರೂ ಒಂದೇ ಮೈಕಿನಿಂದ ಬರುತ್ತವೆ. ನೆರವಿನ ಹಾಡಿನ ಅಣಕಕ್ಕೆ ನೆಲ ಇಲ್ಲೇ ಹಸನಾಗಿದೆ ಎನ್ನಲು ಇದೇ ಆಧಾರ.

ಇನ್ನು 2020. ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷತೆಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದೇ ಊರು ಬೇರೆ ಕಾರಣಕ್ಕೆ ದೇಶದ ಬಾಯಿಗೆ ಬಿತ್ತು. ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರದು ಭಾರತದ ಮೊದಲ ಕೋವಿಡ್ ಸಾವು ಎಂದು ಎರಡು ದಿನದ ನಂತರ ಖಚಿತವಾಯಿತು. ಆಮೇಲೆ ಲಾಕ್‌ಡೌನ್, ಅದರ ಹಿಂದೆಯೇ ಹಾಡುಗಳ ಸುಗ್ಗಿ. ಹಾಲಿವುಡ್ ನಟಿ ಗಾಲ್ ಗ್ಯಾಡಟ್ ತಮ್ಮ ಗೆಳೆಯರನ್ನು ಕೂಡಿಸಿ ಮನೆ ಮನೆಯಿಂದಲೇ ಹಾಡಿಸಿದ ವಿಡಿಯೊ ಲೋಕದ ತುಂಬ ನಗೆಪಾಟಲಾಯಿತು. ಹಿಂದಿಯಲ್ಲಿ ಅಕ್ಷಯ್ ಕುಮಾರ್ ಮುಂತಾದವರ ‘ಮುಸ್ಕುರಾಯೇಗಾ ಇಂಡಿಯಾ’ ಬಂತು. ಕನ್ನಡದಲ್ಲಿ ಪವನ್ ಒಡೆಯರ್ ನಿರ್ದೇಶನದ ‘ಬದಲಾಗು ನೀನು ಬದಲಾಯಿಸು ನೀನು’ ಬಂತು. ಶಿವರಾಜ್‌ಕುಮಾರ್, ಪುನೀತ್, ಸುದೀಪ್, ದರ್ಶನ್, ಯಶ್ ಮೊದಲಾಗಿ ಚಿತ್ರರಂಗದ ದೊಡ್ಡವರೆಲ್ಲ ಅದರಲ್ಲಿದ್ದರು. ಅದು ಜಾಗೃತಿ ಗೀತೆ, ಚಂದಾ ಎತ್ತುವ ಹಾಡಲ್ಲ. ಆದರೂ ರೂಪ ಅದೇ, ಭಾವ ಅದೇ.

ಹಾಡುಗಳು ಹೇಳಿದ್ದು ಮನೆಯಲ್ಲೇ ಇರಿ ಎಂದು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರಿಗೆ ಮನೆ ಎಂದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಮೇ ತಿಂಗಳ ಮೊದಲ ವಾರ ಅವರು ಗಂಟುಮೂಟೆ, ಮಕ್ಕಳು ಸಮೇತ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬಂದು ನಿಂತರು. ಟಿಕೆಟ್ ದರ ಕೇಳಿ ತಲೆ ಮೇಲೆ ಕೈ ಹೊತ್ತರು. ವಿರೋಧ ಪಕ್ಷ ಸಾರಿಗೆ ನಿಗಮಕ್ಕೆ ಒಂದು ಕೋಟಿಯ ಚೆಕ್ ಹಿಡಿದುಕೊಂಡು ಬಂತು, ಸರ್ಕಾರ ಪ್ರಯಾಣ ಉಚಿತವೆಂದು ಸಾರಿತು. ಎರಡು ದಿನ ಬಿಟ್ಟು, ಬಿಲ್ಡರುಗಳೊಂದಿಗೆ ಮುಖ್ಯಮಂತ್ರಿಗಳ ಸಭೆಯಾದ ಮೇಲೆ, ಹೊರರಾಜ್ಯದ ಕಾರ್ಮಿಕರ ರೈಲುಗಳು ರದ್ದಾದವು. ಗದ್ದಲವೆದ್ದು ಮತ್ತೆ ಓಡಿದವು. ಈ ಹೊತ್ತಿನಲ್ಲಿ ಮೆಜೆಸ್ಟಿಕ್‌ನಲ್ಲಿ ನಿಂತ ಒಬ್ಬ ಗಾರೆ ಕೆಲಸದವನ ಮೊಬೈಲಿನಲ್ಲಿ ತಾರೆಯರು ತಮ್ಮ ತಮ್ಮ ಬಾಲ್ಕನಿಗಳಿಂದ ಕೈ ಬೀಸುತ್ತಿದ್ದರೆ ಅಲ್ಲಿ ಯಾರೂ ಅಣಕ ಕಟ್ಟಬೇಕಿರಲಿಲ್ಲ. ಒಂದು ಮೈಕು ಹಿಡಿದಿದ್ದರೆ ಸಾಕಿತ್ತು. ಹಿಡಿದ ರೇಡಿಯೊ ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ತಾರೆಯರ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 2020ರ ಮಾರ್ಚ್ ಕೊನೆಯಲ್ಲಿ ಪುನೀತ್ ಮುಖ್ಯಮಂತ್ರಿ ಪರಿಹಾರ ನಿಧಿಗೆ 50 ಲಕ್ಷ ಕೊಟ್ಟರು. ಅವರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳ ಬಹುಪಾಲು ಜನಕ್ಕೆ ತಿಳಿದದ್ದು 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ನಂತರ. ರಾಜ್‌ಕುಮಾರ್ ಕಣ್ಣು ಕೊಟ್ಟರು, ಮಗನೂ ಕೊಟ್ಟರು. ಪುನೀತ್ ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅದಕ್ಕೆ ಯಾವ ಕೋರಸ್ಸೂ ಬೇಕಾಗಲಿಲ್ಲ. ಅಣಕದ ಗುರಿ ಕೊಡುವವರಾದರೆ ಅದು ಬರೀ ಹೊಟ್ಟೆಕಿಚ್ಚು. ಕೊಡುವವರಿಗೂ ಪಡೆಯುವವರಿಗೂ ನಡುವೆ ನಿಂತು ಒಬ್ಬರ ಮುಖವನ್ನು ದೊಡ್ಡದು ಮಾಡಿ, ಇನ್ನೊಬ್ಬರನ್ನು ಮಸುಕು ಮಾಡುವ ಕ್ಯಾಮೆರಾ ಅದರ ಗುರಿಯಾಗಬೇಕು.

ಇದನ್ನು ಚೆನ್ನಾಗಿ ಹಿಡಿದದ್ದು 1992ರಲ್ಲಿ ಬಂದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ‘ರೇಡಿಯೊ ಬಾರ್ಟ್’ ಎಂಬ ಕಂತು. ತುಂಟ ಹುಡುಗ ಬಾರ್ಟ್ ಒಂದು ಆಟಿಕೆ ರೇಡಿಯೊವನ್ನು ಬಾವಿಗೆ ಇಳಿಬಿಟ್ಟು, ಮೈಕಿನಲ್ಲಿ ಮಾತಾಡಿ, ಒಬ್ಬ ಅನಾಥ ಹುಡುಗ ಬಾವಿಗೆ ಬಿದ್ದಿದ್ದಾನೆಂದು ಊರನ್ನೇ ನಂಬಿಸುತ್ತಾನೆ. ಗಾಯಕ ಸ್ಟಿಂಗ್ ಸೇರಿದಂತೆ ತಾರೆಯರ ಹಾಡು ಬರುತ್ತದೆ, ಬಾವಿಯ ಸುತ್ತ ಜಾತ್ರೆ ಸೇರುತ್ತದೆ. ಕೊನೆಗೆ ಬಾರ್ಟನೇ ನಿಜವಾಗಿ ಬಾವಿಗೆ ಬಿದ್ದಾಗ, ಮೋಸ ತಿಳಿದ ಊರು ಅವನನ್ನು ಅಲ್ಲೇ ಬಿಟ್ಟು ನಡೆಯುತ್ತದೆ. ಕೊಳವೆಬಾವಿಯ ನಾಡಾದ ನಮಗೆ ಇದು ನಗುವಿನ ಆಚೆಗೂ ಚುಚ್ಚುತ್ತದೆ. 2024ರ ಏಪ್ರಿಲ್‌ನಲ್ಲಿ ಅಫಜಲಪುರದ ಮಗ್ಗುಲಿಗೇ ಇರುವ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಮಗು ಕೊಳವೆಬಾವಿಗೆ ಬಿದ್ದು, ಸುಮಾರು 20 ತಾಸಿನ ಮೇಲೆ ಜೀವಸಹಿತ ಹೊರಬಂತು. ಟೀವಿಗಳು ರಾತ್ರಿಯಿಡೀ ಅಲ್ಲೇ ಇದ್ದವು. ಮಗುವನ್ನು ಎತ್ತಿದ್ದು ಕಲ್ಲು ಕೊರೆದ ಯಂತ್ರ ಮತ್ತು ಅದನ್ನು ನಡೆಸಿದ ಕೈಗಳು. ಸುದ್ದಿಮನೆಗಳು ಅದಕ್ಕೂ ಹಿನ್ನೆಲೆ ಸಂಗೀತ ಹಾಕಿದ್ದವು.

ಇನ್ನೊಂದು ಒಳ್ಳೆಯ ಅಣಕ 2012ರದು. ನಾರ್ವೆಯ ವಿದ್ಯಾರ್ಥಿಗಳ ಎಸ್‌ಎಐಎಚ್ ಎಂಬ ಸಂಸ್ಥೆ ದಕ್ಷಿಣ ಆಫ್ರಿಕದ ಕಲಾವಿದರೊಡನೆ ‘ರೇಡಿ-ಏಡ್’ ಎಂಬ ವಿಡಿಯೊ ಮಾಡಿತು. ಚಳಿಯಲ್ಲಿ ಹೆಪ್ಪುಗಟ್ಟುತ್ತಿರುವ ಬಡ ನಾರ್ವೆಯವರಿಗೆ ಆಫ್ರಿಕದ ಜನ ಮನಸ್ಸು ಕರಗಿ ರೂಮ್ ಹೀಟರುಗಳನ್ನು ಕಳಿಸುತ್ತಾರೆ, ಅದಕ್ಕೊಂದು ತಾರಾಗೀತೆ. ಹಿಮದಲ್ಲಿ ಜಾರಿ ಬೀಳುವ ಬಿಳಿಯರ ಚಿತ್ರಗಳನ್ನು ಕನಿಕರದ ಸಂಗೀತದೊಡನೆ ತೋರಿಸುತ್ತಾರೆ. ಅದೇ ಸಂಸ್ಥೆ ವರ್ಷಕ್ಕೊಮ್ಮೆ ಕೆಟ್ಟ ನೆರವಿನ ಜಾಹೀರಾತಿಗೆ ‘ತುಕ್ಕು ಹಿಡಿದ ರೇಡಿಯೇಟರ್’ ಪ್ರಶಸ್ತಿಯನ್ನೂ ಕೊಡುತ್ತಿತ್ತು. 2017ರಲ್ಲಿ ಅದು ಎಡ್ ಶೀರನ್ ಲೈಬೀರಿಯಕ್ಕೆ ಹೋದ ಚಿತ್ರಕ್ಕೆ ಸಿಕ್ಕಿತು. 2014ರಲ್ಲಿ ಘಾನಾ ಮೂಲದ ಬ್ರಿಟಿಷ್ ಗಾಯಕ ಫ್ಯೂಸ್ ಒಡಿಜಿ ಎಬೊಲಾಕ್ಕಾಗಿ ಮಾಡಿದ ಬ್ಯಾಂಡ್ ಏಡ್ ಮರುಮುದ್ರಣಕ್ಕೆ ಬರುವುದಿಲ್ಲ ಎಂದಿದ್ದರು. ಹತ್ತು ವರ್ಷದ ನಂತರ, ಹಾಡಿನ 40ನೇ ವರ್ಷದ ಆವೃತ್ತಿಯಲ್ಲಿ ತಮ್ಮ ದನಿ ಬಳಸಲು ಕೇಳಿದ್ದರೆ ಒಪ್ಪುತ್ತಿರಲಿಲ್ಲ ಎಂದು ಶೀರನ್ ಕೂಡ ಹೇಳಿದರು. ಒಂದು ಅಣಕದಿಂದ ಇಷ್ಟೆಲ್ಲ ಆಯಿತೆಂದು ನಾನು ಹೇಳಲಾರೆ, ಆದರೆ ನಗೆ ಸುತ್ತ ಹಬ್ಬಿದ್ದಂತೂ ನಿಜ.

ಇದನ್ನೆಲ್ಲ ಕನ್ನಡ ರೇಡಿಯೊಗೆ ತರುವಾಗ ಮೊದಲ ತೊಡಕು ದನಿಯದು. ಇಂಗ್ಲಿಷ್ ನೆರವಿನ ಹಾಡಿನಲ್ಲಿ ಒಂದು ಸಾಲು ಕೇಳಿದೊಡನೆ ಯಾರು ಹಾಡಿದ್ದೆಂದು ತಿಳಿಯುತ್ತದೆ, ಅಣಕವಾಡುವವನು ಆ ದನಿಯನ್ನು ಹಿಂಡಿದರೆ ಸಾಕು. ನಮ್ಮ ನಾಯಕನಟರು ಹಾಡುವುದು ಎರವಲು ಕಂಠದಲ್ಲಿ. 1974ರ ‘ಸಂಪತ್ತಿಗೆ ಸವಾಲ್’ವರೆಗೆ ರಾಜ್‌ಕುಮಾರ್ ಹಾಡುಗಳೆಂದರೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್. ಆಮೇಲಿನ ದಶಕಗಳಲ್ಲಿ ಎಸ್‌ಪಿಬಿ ಒಬ್ಬರೇ ನಟರಿಗೆ ತಕ್ಕಂತೆ ದನಿ ಹೊರಳಿಸಿ ಎಷ್ಟು ಮಂದಿಗೆ ಹಾಡಿದರು! ತಾವೇ ಹಾಡಿಕೊಂಡ ರಾಜ್, ಪುನೀತ್ ಥರದವರು ಕೆಲವರಷ್ಟೆ. ಹೀಗಾಗಿ ಕನ್ನಡದ ತಾರಾಗೀತೆಯಲ್ಲಿ ಮುಖವೇ ಗುರುತು, ದನಿಯಲ್ಲ. ಮುಖ ಕಾಣದ ರೇಡಿಯೊದಲ್ಲಿ ಅದರ ಅರ್ಧ ಜೀವ ಹೋಗುತ್ತದೆ. ಮಿಮಿಕ್ರಿ ದಯಾನಂದ್, ಮಿಮಿಕ್ರಿ ರಾಜಗೋಪಾಲ್ ಅಂಥವರು ತಾರೆಯರ ಮಾತನ್ನು, ಡೈಲಾಗನ್ನು ಹಿಡಿದದ್ದು ಇದೇ ಕಾರಣಕ್ಕೆ. ಕನ್ನಡದ ರೇಡಿಯೊ ಅಣಕ ಹಾಡಿಗಿಂತ ಹಾಡಿನ ನಡುವಿನ ಮಾತನ್ನು ನೆಚ್ಚಬೇಕಾಗುತ್ತದೆ. ಅದೇನೂ ಹೊಸದಲ್ಲ. ಎ.ಎಸ್. ಮೂರ್ತಿ ಬೆಂಗಳೂರು ಆಕಾಶವಾಣಿಯ ಈರಣ್ಣನಾಗಿ ನಾಡಿನ ಮನೆಮಾತಾದದ್ದು ಮಾತಿನಿಂದಲೇ.

ಎರಡನೆಯ ತೊಡಕು ಕಾಯ್ದೆ, ಕಟ್ಟಳೆಗಳದು. ಆಕಾಶವಾಣಿಯ ಪ್ರಸಾರ ಸಂಹಿತೆ ಹೆಸರೆತ್ತಿ ವ್ಯಕ್ತಿಗಳನ್ನು ಹೀಯಾಳಿಸುವುದನ್ನು, ಸರ್ಕಾರಗಳ ಮೇಲಿನ ಕಟು ಟೀಕೆಯನ್ನು ಒಪ್ಪುವುದಿಲ್ಲ. ಖಾಸಗಿ ಎಫ್‌ಎಂ ಮತ್ತು ಸಮುದಾಯ ರೇಡಿಯೊಗಳಿಗೆ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ. ಆಕಾಶವಾಣಿಯ ಸುದ್ದಿಯನ್ನೇ ಹಾಗೇ ಹಾಕಬೇಕು. ಸುದ್ದಿ ಹೇಳಬಾರದ ರೇಡಿಯೊ ಸುದ್ದಿಯ ಅಣಕ ಹೇಗೆ ಮಾಡೀತು? ಕೇಳುಗನಿಗೆ ಅಸಲೇ ಗೊತ್ತಿಲ್ಲದಿದ್ದರೆ ನಕಲಿಗೆ ನಗು ಬಾರದು. ಇದರ ಮೇಲೆ ಹಕ್ಕುಸ್ವಾಮ್ಯ. ನಮ್ಮ 1957ರ ಕಾಯ್ದೆಯಲ್ಲಿ ವಿಮರ್ಶೆಗೆ ವಿನಾಯಿತಿ ಇದೆ, ಅಣಕದ ಹೆಸರು ಎಲ್ಲೂ ಇಲ್ಲ; ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು 57ನೇ ಕಲಂ ಕರ್ತೃವಿಗೆ ಕೊಡುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1994ರಲ್ಲೇ ಅಣಕದ ಹಾಡಿಗೆ ನ್ಯಾಯಬದ್ಧ ಬಳಕೆಯ ರಕ್ಷಣೆ ಸಿಗಬಹುದೆಂದು ಹೇಳಿತ್ತು. ಇಲ್ಲಿ 2025ರ ಮಾರ್ಚ್‌ನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಸಿನಿಮಾ ಧಾಟಿಗೆ ಕಟ್ಟಿದ ಅಣಕಕ್ಕೆ ಸಂಗೀತ ಕಂಪನಿಯ ಹಕ್ಕುಸ್ವಾಮ್ಯದ ಅಡ್ಡಿ ಬಂತು. ಅದಕ್ಕೂ ಮೊದಲೇ ಕಾರ್ಯಕ್ರಮ ನಡೆದ ಜಾಗವನ್ನು ಜನ ನುಗ್ಗಿ ಒಡೆದು ಹಾಕಿದ್ದರು.

ಪಕ್ಕದ ಮಹಾರಾಷ್ಟ್ರದಲ್ಲಿ ಒಂದು ರೇಡಿಯೊ ಅಣಕ ಏನಾಯಿತೆಂದು ನೆನೆದರೆ ನಮ್ಮ ನಿರೂಪಕರ ಹಿಂಜರಿಕೆ ಅರ್ಥವಾಗುತ್ತದೆ. 2017ರ ಜುಲೈನಲ್ಲಿ ಮುಂಬೈ ರೆಡ್ ಎಫ್‌ಎಂನ ಮಲಿಷ್ಕಾ ಮೆಂಡೋನ್ಸಾ ಒಂದು ಜನಪ್ರಿಯ ಮರಾಠಿ ಹಾಡಿನ ಧಾಟಿಯಲ್ಲಿ ಮಹಾನಗರ ಪಾಲಿಕೆಯ ರಸ್ತೆಗುಂಡಿಗಳನ್ನು ಹಾಡಿ ಆಡಿದರು. ಪಾಲಿಕೆಯವರು ಅವರ ಮನೆಗೆ ಹೋಗಿ ಹೂಕುಂಡದ ತಟ್ಟೆಯಲ್ಲಿ ಡೆಂಗಿ ಸೊಳ್ಳೆಯ ಮರಿ ಹುಡುಕಿ ನೋಟಿಸು ಕೊಟ್ಟರು. 500 ಕೋಟಿ ರೂಪಾಯಿ ಮಾನನಷ್ಟ ಹೂಡಿರೆಂದು ಆಡಳಿತ ಪಕ್ಷದ ಸದಸ್ಯರು ಬೇಡಿಕೆ ಇಟ್ಟರು. ಹಾಡಿಗೆ ಸಿಕ್ಕ ಈ ಪ್ರಚಾರವನ್ನು ಯಾವ ಜಾಹೀರಾತು ಸಂಸ್ಥೆಯೂ ಕೊಡಲಾರದು ಎಂಬುದು ಬೇರೆ ಮಾತು.

ಮೂರನೆಯ ತೊಡಕನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಖಾಸಗಿ ಎಫ್‌ಎಂ ದಿನವಿಡೀ ಬದುಕುವುದು ಸಿನಿಮಾ ಹಾಡಿನ ಮೇಲೆ. ಹೊಸ ಚಿತ್ರ ಬಂದಾಗ ತಾರೆ ಸ್ಟುಡಿಯೊಗೆ ಬರಬೇಕು, ನಗಬೇಕು, ಟಿಕೆಟ್ ಹಂಚಬೇಕು. ಮುಂದಿನ ಶುಕ್ರವಾರ ಬೇಕಾಗುವವರನ್ನು ಈ ಬುಧವಾರ ಗೇಲಿ ಮಾಡುವ ಗಟ್ಟಿಗ ನಿರೂಪಕ ಕಲಬುರಗಿಯಲ್ಲಿ ಇರಲಿ, ಬೆಂಗಳೂರಲ್ಲೂ ಕಾಣೆ.

ನಮ್ಮ ಅಣಕದ ಪರಂಪರೆಯ ಮೇಲೂ ಒಂದು ತಕರಾರಿದೆ. ಟಿ.ಪಿ. ಕೈಲಾಸಂ ಇಂಗ್ಲಿಷಿನ ‘ಕಾನ್‌ಸ್ಟಾಂಟಿನೋಪಲ್’ ಹಾಡನ್ನು ಎತ್ತಿಕೊಂಡು ‘ಕೋಳೀಕೆ ರಂಗ’ನನ್ನು ಕಟ್ಟಿದಾಗ ಧಾಟಿ ಹೊರಗಿನದು, ಮನುಷ್ಯ ಇಲ್ಲಿಯವನು, ಇಂಗ್ಲಿಷಿನ ಠೀವಿಗೇ ಅದು ಮಾರುತ್ತರವಾಗಿತ್ತು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ 1942ರಿಂದ ಕಾಲು ಶತಮಾನ ಸರ್ಕಾರ, ಸಮಾಜ ಎರಡನ್ನೂ ಚಿವುಟಿತು. ಆಮೇಲೆ ಅಣಕವೆಂದರೆ ಹೆಸರಾದ ಭಾವಗೀತೆಗೋ ಸಿನಿಮಾ ಹಾಡಿಗೋ ಹೆಂಡತಿ, ಸೊಳ್ಳೆ, ಬೆಲೆಯೇರಿಕೆಯ ಸಾಲು ತುಂಬುವುದು ಎಂದಾಗಿಬಿಟ್ಟಿತು. ಅಣಕು ರಾಮನಾಥ್ ಥರದ ಪಳಗಿದ ಕೈಗಳನ್ನು ಬಿಟ್ಟರೆ ಮೂಲಹಾಡನ್ನೇ ಪ್ರಶ್ನಿಸುವ ಅಣಕ ಅಪರೂಪ. ನೆರವಿನ ಹಾಡಿಗೆ ಬೇಕಾದದ್ದು ಆ ಅಪರೂಪದ್ದು.

ಹಾಗಾದರೆ ಕಲಬುರಗಿಯಲ್ಲಿ ಅಂಥದ್ದೊಂದು ಹೇಗಿರಬಹುದು? ಸುಮ್ಮನೆ ಕಟ್ಟಿ ನೋಡುತ್ತೇನೆ. ಹೆಸರು ‘ಬೆಂಗಳೂರಿಗಾಗಿ ಕಲಬುರಗಿ’. ಆರು ನಿಮಿಷದ ಪ್ರಹಸನ. ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿನವರು, ಡಿಸೆಂಬರಿನಲ್ಲಿ 15 ಡಿಗ್ರಿಗೆ ಉಣ್ಣೆ ಟೋಪಿ ಹಾಕಿಕೊಳ್ಳುವ ರಾಜಧಾನಿಗಾಗಿ ಮರುಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು, 2024ರ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನವರು ನೀರಿನ ಟ್ಯಾಂಕರಿಗೆ ಕಾದದ್ದನ್ನು ಟೀವಿಯಲ್ಲಿ ಕಂಡು ಅವರ ಕರುಳು ಚುರ್ ಎಂದಿದೆ. ಸ್ಟುಡಿಯೊದಲ್ಲಿ ಒಬ್ಬ ನಿರ್ಮಾಪಕ, ಗಂಜಿನ ಒಬ್ಬ ಹಮಾಲಿ, ಕಮಲಾಪುರದ ಕೆಂಪು ಬಾಳೆ ಮಾರುವ ಒಬ್ಬ ಅಕ್ಕ.

“ಅಕ್ಕಾ, ಜರಾ ದುಃಖದಿಂದ ಹಾಡ್ರಿ. ಅಲ್ಲಿ ಮಂದಿ ಎರಡೆರಡು ತಾಸು ಸಿಗ್ನಲ್‌ನಾಗ ನಿಂತಾರ.”

“ಎರಡು ತಾಸಾ? ಅಷ್ಟರಾಗ ನಾ ಹುಮನಾಬಾದಿಗಿ ಹೋಗಿ, ಬಾಳಿಹಣ್ಣು ಮಾರಿ, ತಿರುಗಿ ಕಮಲಾಪುರ ಮುಟ್ತೀನಲ್ರೀ! ಅವರೇನ್ ತಪ್ಪ ಮಾಡ್ಯಾರಂತ ಹಂಗ ನಿಂದ್ರಸ್ಯಾರ?”

“ಹಂಗ ಕೇಳಬ್ಯಾಡ್ರಿ, ಅವರಿಗಿ ಬ್ಯಾಸರಾಗ್ತದ. ಕಣ್ಣು ಮುಚ್ಚಿ, ಕೈ ಎತ್ತಿ ಹಾಡ್ರಿ.”

“ಕಣ್ಣು ಮುಚ್ಚಿದ್ರ ಬುಟ್ಟಿ ಯಾರ್ ನೋಡ್ತಾರ?”

ಹಮಾಲಿ ನಡುವೆ ಬಾಯಿ ಹಾಕುತ್ತಾನೆ: “ಸಾಹೇಬ್ರ, ನಮ್ಮಲ್ಲಿ ಬಿಸಿಲು ಮಸ್ತ್ ಅದ, ಖಾಲಿಪೀಲಿ ಬಿದ್ದದ. ಎರಡು ಲಾರಿ ತುಂಬಿ ಕಳಸಮು.” ಅಲ್ಲಿಂದ ಎಲ್ಲರೂ ಸೇರಿ ಕೋರಸ್ಸು: ಬೆಂಗಳೂರ ಮಂದಿ ನಮ್ಮವರೇ, ನಡುಗಬ್ಯಾಡ್ರಿ ಥಂಡಿಗಿ, ಕಲಬುರಗಿ ಬಿಸಿಲು ಕಟ್ಟಿ ಇಟ್ಟೀವಿ ರಾತ್ರಿ ಎಂಟರ ಗಾಡಿಗಿ.

ಧಾಟಿ ಸಿನಿಮಾದ್ದು ಬೇಡ. ಬೀಸುವ ಕಲ್ಲಿನ ಪದ, ಗೀಗೀ, ಮೊಹರಮ್ಮಿನ ರಿವಾಯತ್ ಪದದ ಮಟ್ಟು ಯಾವ ಕಂಪನಿಯ ಆಸ್ತಿಯೂ ಅಲ್ಲ, 57ನೇ ಕಲಮಿನ ಭಯವೂ ಇಲ್ಲ. ಇನ್ನೂ ಒಳ್ಳೆಯದೆಂದರೆ ಹರದೇಶಿ ನಾಗೇಶಿಯ ಸವಾಲು ಜವಾಬು: ಒಂದು ಮೇಳ ಕೊಡುವವರ ಪರ, ಇನ್ನೊಂದು ಪಡೆಯುವವರ ಪರ. ಅಲ್ಲಿ ಕೊಡುವವರು ಸುಲಭವಾಗಿ ಗೆಲ್ಲುವಂತಿಲ್ಲ. ಯಾವ ತಾರೆಯ ಹೆಸರನ್ನೂ ಎತ್ತಬೇಕಿಲ್ಲವಾದ್ದರಿಂದ ಆಕಾಶವಾಣಿಯ ಸಂಹಿತೆಗೂ ಭಂಗವಿಲ್ಲ. ಸಿನಿಮಾಗಳಲ್ಲಿ ನಗಿಸಲೆಂದೇ ಕಲಬುರಗಿ ಭಾಷೆಯನ್ನು ಪೆದ್ದನ ಬಾಯಿಗೆ ಹಾಕುತ್ತಾ ಬಂದಿದ್ದಾರೆ. ಇಲ್ಲಿ ಅದೇ ಭಾಷೆ ದಾನಿಯ ಗತ್ತಿನಲ್ಲಿ ಮಾತಾಡಿದರೆ ನಗು ಯಾರ ಕಡೆ ತಿರುಗುತ್ತದೆ ಎಂಬುದೇ ಇದರ ಕುಶಾಲು.

ಇದು ಪೂರ್ತಿ ಕಲ್ಪನೆಯೇನೂ ಅಲ್ಲ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಉತ್ತರ ಕರ್ನಾಟಕದ ಊರುಗಳಲ್ಲಿ ಹೆಣ್ಣುಮಕ್ಕಳು ಗುಂಪುಗೂಡಿ ರೊಟ್ಟಿ ಬಡಿದರು. ಕಟಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಕುದಿಸುವ ನೀರು ಬೇಡ, ಒಲೆ ಬೇಡ. ಶೇಂಗಾ ಹಿಂಡಿ ಜೊತೆಗಿದ್ದರೆ ಪಲ್ಯವೂ ಬೇಡ. ನೆರೆಯಲ್ಲಿ ನಿಂತವರಿಗೆ ಏನು ಬೇಕೆಂದು ನೆರೆ ಕಂಡವರಿಗೆ ಗೊತ್ತಿತ್ತು. ಆ ಗಂಟುಗಳ ಮೇಲೆ ಯಾರ ಫೋಟೊ ಇತ್ತೋ ಇರಲಿಲ್ಲವೋ, ಇದ್ದರೂ ರೊಟ್ಟಿಯ ರುಚಿ ಕೆಡಲಿಲ್ಲ. ನಮ್ಮ ಪ್ರಹಸನದ ಕೊನೆಯ ನಿಮಿಷ ಆಯೇರಿಗೆ ಮೀಸಲು. ನಿರ್ಮಾಪಕ ಲೆಕ್ಕ ಓದಬೇಕು: ತೊಗರಿಬೇಳೆ ಇಷ್ಟು ಚೀಲ, ಕೆಂಪು ಬಾಳೆ ಇಷ್ಟು ಗೊನೆ, ಬಿಸಿಲು ಎರಡು ಲಾರಿ, ಕೋಟುಗಳು ಒಂದು ಗುಡ್ಡೆ, 2009ರಲ್ಲಿ ಬಂದವು, ತೊಡದೆ ಇಟ್ಟವು, ಜೋಪಾನವಾಗಿ ವಾಪಸ್.